ಪುಸ್ತಕ ಒಯ್ದವರು ಒಂದು ಚೀಟಿ ಕೊಟ್ಟಿದ್ದರೆ

ಮಾನ್ಯ ಸಂಪಾದಕರೇ,

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವಳು. ಡೇಟಾ ಸಂರಕ್ಷಣೆ ಕಾಯ್ದೆ ಬಗ್ಗೆ ಎಲ್ಲಿ ನೋಡಿದರೂ ದೊಡ್ಡ ದೊಡ್ಡ ಕಂಪನಿಗಳ ಮಾತೇ ಬರುತ್ತಿದೆ. ನನ್ನಂಥ ಅಂಗಡಿಯವರ ಮಾತೂ ಒಂದಿಷ್ಟು ಇರಲಿ ಅಂತ ಬರೆಯುತ್ತಿದ್ದೇನೆ. ಈ ಊರಿನ ಅರ್ಧ ಜನರ ಆಧಾರ್ ಕಾರ್ಡು ಒಂದಲ್ಲ ಒಂದು ದಿನ ನನ್ನ ಮಷಿನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದಿದೆ. ಪತ್ರದಲ್ಲಿ ಬರುವ ಸೆಕ್ಷನ್, ನಿಯಮಗಳೆಲ್ಲ ತುಮಕೂರಿನಲ್ಲಿ ಕಾನೂನು ಓದುತ್ತಿರುವ ನನ್ನ ಮಗಳು ಹೇಳಿಕೊಟ್ಟದ್ದು. ಸಿಟ್ಟು ಮಾತ್ರ ನನ್ನದು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2023ರ ಮಳೆಗಾಲದಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಬೆಳಗ್ಗೆ ಎಂಟಕ್ಕೇ ಹೆಂಗಸರು ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದರು. ರೇಷನ್ ಕಾರ್ಡು, ಗಂಡ ಹೆಂಡತಿ ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್. ಮಷಿನ್ ಬಿಸಿಯಾಗಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಫೋಟೊ ಬಂದ ಕಡೆ ಮುಖವೆಲ್ಲ ಮಸಿ. ಹಾಳಾದ ಪ್ರತಿಗಳನ್ನು ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದೆ. ತುಂಬಿದ ಮೇಲೆ ರದ್ದಿಯವನಿಗೆ ತೂಕಕ್ಕೆ ಕೊಟ್ಟೆ. ಎಲ್ಲ ಅಂಗಡಿಯವರೂ ಹಾಗೇ ಮಾಡುವುದು.

ಹದಿನೈದು ದಿನ ಕಳೆದಿರಬೇಕು. ನನ್ನ ಮಗ ಬಸ್ ಸ್ಟ್ಯಾಂಡ್ ಹತ್ತಿರ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಡಿಸಿದೆ. ನಮ್ಮ ಹಿಂದಿನ ಬೀದಿಯ ಹೆಂಗಸಿನ ಆಧಾರ್! ಮುಖ ಮಸಿಯಾಗಿತ್ತು. ಆದರೆ ಹೆಸರು, ಮನೆ ನಂಬರು, ಹನ್ನೆರಡು ಅಂಕಿ ಎಲ್ಲ ಎಣ್ಣೆ ಹೀರಿದ ಕಾಗದದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಅವತ್ತು ಬಜ್ಜಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ವಾರವೇ ಕಾಗದ ಚೂರು ಮಾಡುವ ಪುಟ್ಟ ಮಷಿನ್ ತರಿಸಿದೆ. ಆ ಹೆಂಗಸಿಗೆ ಮಾತ್ರ ಇವತ್ತಿಗೂ ಹೇಳಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಹೇಳೋಣ ಅನಿಸುತ್ತದೆ, ಬಾಯಿ ಬರುವುದಿಲ್ಲ.

ಕಾಗದವಾದರೆ ಚೂರು ಮಾಡಬಹುದು. ಕಂಪ್ಯೂಟರ್‌ನ ಡೌನ್‌ಲೋಡ್ ಫೋಲ್ಡರ್ ಇನ್ನೊಂದು ಕಥೆ. "ಅಕ್ಕ, ವಾಟ್ಸ್‌ಆ್ಯಪ್ ಮಾಡಿದೀನಿ, ಎರಡು ಪ್ರಿಂಟ್ ತೆಗೀರಿ" ಅನ್ನುತ್ತಾರೆ. ಸಂಬಳದ ಚೀಟಿ, ರಕ್ತಪರೀಕ್ಷೆ ರಿಪೋರ್ಟು, ಒಮ್ಮೆ ಒಬ್ಬಳ ವಿಚ್ಛೇದನದ ಅರ್ಜಿ. ಪ್ರಿಂಟ್ ತಗೊಂಡು ಹೋಗುತ್ತಾರೆ, ಫೈಲ್ ನನ್ನಲ್ಲೇ ಉಳಿಯುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಒಂದು ಪ್ರಕಟಣೆ ಬಂದಿತ್ತು. ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಇಂಟರ್‌ನೆಟ್ ಸೆಂಟರ್‌ಗಳಲ್ಲಿ ಡೌನ್‌ಲೋಡ್ ಮಾಡಿದರೆ ಪೂರ್ತಿ ಅಳಿಸಿ ಬನ್ನಿ ಅಂತ. ಓದಿ ನಾಚಿಕೆಯಾಯಿತು, ಒಳ್ಳೆಯ ಮಾತೇ ಅಲ್ವಾ ಅಂತಲೂ ಅನಿಸಿತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿಯಬಹುದು ಎಂದು ಆ ಪ್ರಕಟಣೆಯನ್ನೇ ವಾಪಸ್ ಪಡೆದರು. ನಾನು ಮಾತ್ರ ಅವತ್ತಿನಿಂದ ಷಟರ್ ಎಳೆಯುವ ಮುಂಚೆ ಆ ಫೋಲ್ಡರ್ ಖಾಲಿ ಮಾಡುತ್ತೇನೆ.

ಈಗ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, 2023 ಬಂದಿದೆ. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಮುಖ್ಯ ಭಾಗಗಳು 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಯಾಗಬೇಕು. ಜನರ ಮಾಹಿತಿ ಸೋರಿಹೋಗದ ಹಾಗೆ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ನನ್ನ ಅಂಗಡಿ, ಮಷಿನ್, ಮೇಲಿನ ತಗಡು ಎಲ್ಲ ಮಾರಿದರೂ ನಾಲ್ಕು ಲಕ್ಷ ಹುಟ್ಟುವುದಿಲ್ಲ. ಇರಲಿ, ದಂಡ ಹಾಕುವಾಗ ತಪ್ಪು ಎಷ್ಟು ದೊಡ್ಡದು ಅಂತ ನೋಡುತ್ತಾರಂತೆ. ದಂಡದ ಹಣ ಸೇರುವುದು ಸರ್ಕಾರದ ಖಜಾನೆಗೆ. ಮಾಹಿತಿ ಸೋರಿದವರಿಗೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ 43ಎ ಅಂತ ಒಂದು ಸೆಕ್ಷನ್ ಇತ್ತು, ಅದನ್ನು ಈ ಹೊಸ ಕಾಯ್ದೆ ತೆಗೆಸಿಹಾಕುತ್ತದೆ. ಬಜ್ಜಿ ಪೊಟ್ಟಣದ ಹೆಂಗಸಿಗೆ ಇದರಿಂದ ಬಿಡಿಗಾಸೂ ಬರುವುದಿಲ್ಲ. ಸುಳ್ಳು ದೂರು ಕೊಟ್ಟರೆ ಅವಳಿಗೇ 10,000 ರೂಪಾಯಿವರೆಗೆ ದಂಡ ಉಂಟು.

ಆದರೂ ಕಾಯ್ದೆ ಬೇಡ ಅನ್ನುವವಳಲ್ಲ ನಾನು. ನನ್ನನ್ನು ಹಿಡಿದು ಕೇಳುವವರು ಒಬ್ಬರು ಇರಬೇಕು. ನನ್ನ ತಕರಾರು ಬೇರೆ ಇದೆ. ಅದಕ್ಕೆ ಹಳೆಯ ಕಥೆ ಹೇಳಬೇಕು.

2006ರಲ್ಲಿ ಈ ಅಂಗಡಿ ಶುರುವಾದದ್ದು ಸೈಬರ್ ಕೆಫೆಯಾಗಿ. ನಾಲ್ಕು ಕಂಪ್ಯೂಟರ್, ಗಂಟೆಗೆ ಇಪ್ಪತ್ತು ರೂಪಾಯಿ. ಬಂದವರ ಹೆಸರು, ವಿಳಾಸ, ಫೋನ್ ನಂಬರು, ಕೂತ ಹೊತ್ತು, ಎದ್ದ ಹೊತ್ತು ಎಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳುತ್ತಿದ್ದೆ. 2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದಿತು. ಗುರುತಿನ ಚೀಟಿ ನೋಡದೆ ಯಾರನ್ನೂ ಕೂರಿಸಬಾರದು. ದಾಖಲೆ, ನೋಡಿದ ವೆಬ್‌ಸೈಟ್‌ಗಳ ಪಟ್ಟಿ ಒಂದು ವರ್ಷ ಇಟ್ಟಿರಬೇಕು. ಕಂಪ್ಯೂಟರ್ ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ದಾಟಬಾರದು. ನಮ್ಮದು ಐದು ಅಡಿ ಇತ್ತು. ಬಡಗಿಯನ್ನು ಕರೆಸಿ ಪ್ಲೈವುಡ್ ಅರ್ಧ ಅಡಿ ಕೊಯ್ಯಿಸಿದೆ, ಅಂಗಡಿಯೆಲ್ಲ ಹೊಟ್ಟು. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ವರದಿ ಕೊಡಬೇಕು ಅಂತಲೂ ಇತ್ತು. ಅದನ್ನು ನನ್ನ ಹತ್ತಿರ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

2012ರಲ್ಲಿ ಒಬ್ಬ ಟೀಚರಮ್ಮನಿಗೆ ನನ್ನ ಅಂಗಡಿಯ ಮೂರನೇ ಕಂಪ್ಯೂಟರ್‌ನಿಂದ ಹೊಲಸು ಇಮೇಲ್ ಹೋಗಿತ್ತು. ಸಬ್ ಇನ್‌ಸ್ಪೆಕ್ಟರ್ ಒಬ್ಬರು ಪತ್ರ ಹಿಡಿದುಕೊಂಡು ಬಂದರು. ಯಾವ ತಾರೀಖು, ಎಷ್ಟು ಹೊತ್ತು ಎಂದು ಅದರಲ್ಲಿ ಬರೆದಿತ್ತು. ಆ ದಿನದ ಒಂದೇ ಹಾಳೆ ಕೇಳಿದರು. ನನ್ನ ಮಷಿನ್ನಿನಲ್ಲೇ ಜೆರಾಕ್ಸ್ ಮಾಡಿಸಿ, ಬೇಡವೆಂದರೂ ಒಂದು ರೂಪಾಯಿ ಮೇಜಿನ ಮೇಲಿಟ್ಟರು. ಪತ್ರದ ಒಂದು ಪ್ರತಿ ನನಗೂ ಕೊಟ್ಟು, ಅದರ ಹಿಂದೆ "ಒಂದು ಹಾಳೆಯ ನಕಲು ಪಡೆದಿದ್ದೇನೆ" ಎಂದು ಬರೆದು ಸಹಿ ಹಾಕಿದರು. ವಾರದಲ್ಲಿ ಆ ಹುಡುಗ ಸಿಕ್ಕಿಬಿದ್ದ. ಟೀಚರಮ್ಮ ಅಂಗಡಿಗೆ ಬಂದು ಕೈ ಹಿಡಿದುಕೊಂಡು ಅತ್ತರು. ರಿಜಿಸ್ಟರ್ ಬರೆಸಿದ್ದು ಸಾರ್ಥಕ ಅನಿಸಿತ್ತು ಅವತ್ತು.

2014ರಲ್ಲಿ ಇಬ್ಬರು ಬೈಕಿನಲ್ಲಿ ಬಂದರು. ಮಫ್ತಿಯಲ್ಲಿದ್ದರು.

"ರಿಜಿಸ್ಟರ್ ಕೊಡಮ್ಮ."

"ಯಾವ ದಿನದ್ದು ಸಾರ್?"

"ಪೂರ್ತಿ ಕೊಡು."

"ಲೆಟರ್ ಏನಾದ್ರೂ ಇದೆಯಾ ಸಾರ್?"

"ದೇಶದ ವಿಷಯ. ಜಾಸ್ತಿ ಕೇಳಬೇಡ."

ದೇಶದ ವಿಷಯ ಅಂದಮೇಲೆ ನಾನು ಏನು ಹೇಳಲಿ? ಕೊಟ್ಟೆ. ಮೂರು ತಿಂಗಳ ಪುಸ್ತಕ, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಹೆಸರು, ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ತಿಂಗಳಾದರೂ ವಾಪಸ್ ಬರಲಿಲ್ಲ. ಠಾಣೆಗೆ ಹೋಗಿ ಕೇಳಿದೆ. "ನಮ್ಮವರು ಯಾರೂ ತಂದಿಲ್ಲಮ್ಮ" ಎಂದರು. ಇನ್ನೊಮ್ಮೆ ಹೋದೆ, ಅದೇ ಮಾತು. ಹಾಗಾದರೆ ಬಂದವರು ಯಾರು? ಬೇರೆ ಊರಿನ ಪೊಲೀಸರಾ, ಪೊಲೀಸರೇ ಅಲ್ಲವಾ? ಇವತ್ತಿಗೂ ಗೊತ್ತಿಲ್ಲ. ಆಮೇಲೆ ಒಬ್ಬ ಹುಡುಗಿ, "ಅಕ್ಕ, ಯಾರೋ ಪದೇ ಪದೇ ಫೋನ್ ಮಾಡ್ತಾರೆ, ನನ್ನ ನಂಬರ್ ಎಲ್ಲಿಂದ ಸಿಗ್ತೋ" ಎಂದಿದ್ದಳು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ. ಇಲ್ಲ ಅಂತ ಧೈರ್ಯವಾಗಿ ಹೇಳುವುದಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ನನ್ನ ತಕರಾರು ಈ ಚೀಟಿಯದೇ. ಮಾಹಿತಿ ತೆಗೆದುಕೊಂಡು ಹೋಗುವವರು, ಯಾರ ಆದೇಶ, ಯಾಕೆ, ಎಷ್ಟು ಅಂತ ಬರೆದು ಕೊಡಬೇಕು. ಹೊಸ ಕಾನೂನುಗಳು ಇದಕ್ಕೆ ತದ್ವಿರುದ್ಧ ನಡೆಯುತ್ತಿವೆ. 2023ರ ಕಾಯ್ದೆಯ 17(2) ಸೆಕ್ಷನ್ ಪ್ರಕಾರ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಇಂಥ ಕಾರಣ ಹೇಳಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಹೊರಗಿಡಬಹುದು. ಇಂಥ ಕಾಯ್ದೆಗಾಗಿ 2018ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕೊಟ್ಟ ಕರಡಿನಲ್ಲಿ, ಅಂಥ ವಿನಾಯಿತಿಗೆ ಸಂಸತ್ತು ಮಾಡಿದ ಕಾನೂನು ಬೇಕು, ಅಗತ್ಯ ಇದ್ದಷ್ಟೇ ಇರಬೇಕು ಎಂಬ ಮಾತಿತ್ತು. ಐದು ವರ್ಷದಲ್ಲಿ ಆ ಮಾತು ಉದುರಿಹೋಯಿತು.

2025ರ ನಿಯಮಗಳನ್ನು ಮಗಳು ಓದಿ ಹೇಳಿದಾಗ ನನಗೆ ಆ ಬೈಕಿನವರೇ ಕಣ್ಣಮುಂದೆ ಬಂದರು. 8ನೇ ನಿಯಮದಲ್ಲಿ, ಜನರ ಮಾಹಿತಿ ಮತ್ತು ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್‌ನಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆಗಳನ್ನು, ಕಡಿಮೆ ಅಂದರೂ ಒಂದು ವರ್ಷ ಇಟ್ಟುಕೊಳ್ಳಿ ಎಂದಿದೆ, ಸರ್ಕಾರಕ್ಕೆ ಬೇಕಾಗಬಹುದು ಅಂತ. 23ನೇ ನಿಯಮದಲ್ಲಿ, ಕೇಳಿದಾಗ ಕೊಡಬೇಕು. ಭದ್ರತೆಗೆ ಧಕ್ಕೆಯಾಗುವಂತಿದ್ದರೆ, ಲಿಖಿತ ಅನುಮತಿ ಇಲ್ಲದೆ ಆ ಮಾಹಿತಿಯ ಯಜಮಾನರಿಗೆ ಹೇಳಕೂಡದು ಎಂದು ಸರ್ಕಾರ ಬಾಯಿ ಕಟ್ಟಬಹುದು. ದಿನಾ ಸಂಜೆ ಅಳಿಸಿ ಮನೆಗೆ ಹೋಗುವ ನಾನು ಸರಿಯೋ, ಒಂದು ವರ್ಷ ಇಟ್ಟುಕೋ ಅನ್ನುವ ನಿಯಮ ಸರಿಯೋ? ನನ್ನಂಥ ಪುಟ್ಟ ಅಂಗಡಿಗೆ ಇದು ಎಷ್ಟರಮಟ್ಟಿಗೆ ತಾಗುತ್ತದೆ ಅಂತ ಕೇಳಿದರೆ, ಮಗಳು "ಇನ್ನೂ ಆ ಪಾಠ ಬಂದಿಲ್ಲಮ್ಮ" ಅಂತ ಜಾರಿಕೊಂಡಳು.

ಫೋನ್ ಕದ್ದು ಕೇಳುವುದರಲ್ಲೂ ಇದೇ ಕಥೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆ ಆರೋಪದ ಮೇಲೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಾಗ ನನಗೆ ಎಂಟು ವರ್ಷ. ಅಪ್ಪ ರೇಡಿಯೋ ಕಿವಿಗೆ ಹತ್ತಿಸಿಕೊಂಡು ಕೂತಿದ್ದು ನೆನಪಿದೆ. ಕದ್ದಾಲಿಕೆಗೆ ಒಬ್ಬ ಮುಖ್ಯಮಂತ್ರಿಯೇ ಹೋದ ರಾಜ್ಯ ನಮ್ಮದು. ಸುಪ್ರೀಂ ಕೋರ್ಟು 1996ರಲ್ಲಿ, ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದಿತು. 1885ರ ಟೆಲಿಗ್ರಾಫ್ ಕಾಯ್ದೆ ಬದಲಿಗೆ 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಗೆ ಹೊಸ ನಿಯಮಗಳೂ ಬಂದವು. ಸಮಿತಿ ಮಾತ್ರ ಹಳೆಯ ಥರದ್ದೇ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜೊತೆಗೆ ಇನ್ನಿಬ್ಬರು ಕಾರ್ಯದರ್ಶಿಗಳು. ಆದೇಶ ಕೊಡುವವರೂ ಅಧಿಕಾರಿ, ಸರಿಯಿದೆಯಾ ಅಂತ ನೋಡುವವರೂ ಅಧಿಕಾರಿ. ನ್ಯಾಯಾಧೀಶರಿಗೆ ಜಾಗವಿಲ್ಲ. ಯಾರ ಫೋನ್ ಕೇಳಿದರೋ ಅವರಿಗೆ ಕೊನೆಗೂ ಯಾರೂ ಹೇಳುವುದಿಲ್ಲ.

ನ್ಯಾಯಾಧೀಶರು ಇರಬೇಕು ಅನ್ನುವುದು ನನ್ನ ಹುಚ್ಚು ಆಸೆಯೇನಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಆಧಾರ್ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ದೇಶದ ಭದ್ರತೆಗಾಗಿ ಆಧಾರ್ ಮಾಹಿತಿ ಕೊಡಿಸಲು ಜಂಟಿ ಕಾರ್ಯದರ್ಶಿಯ ಆದೇಶ ಸಾಲದು, ಇನ್ನೂ ದೊಡ್ಡ ಅಧಿಕಾರಿ ಬೇಕು, ಜೊತೆಗೆ ನ್ಯಾಯಾಧೀಶರೊಬ್ಬರು ಇರಬೇಕು, ಹೈಕೋರ್ಟಿನವರಾದರೆ ಒಳ್ಳೆಯದು ಎಂದು. 2019ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಜಂಟಿ ಕಾರ್ಯದರ್ಶಿ ಹೋಗಿ ಕಾರ್ಯದರ್ಶಿ ಬಂದರು. ನ್ಯಾಯಾಧೀಶರು ದಾರಿಯಲ್ಲೇ ಉಳಿದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಪೆಗಾಸಸ್ ಅನ್ನುವ ಗೂಢಚಾರಿ ಸಾಫ್ಟ್‌ವೇರ್ ಜನರ ಫೋನಿಗೆ ಹಾಕಿದ್ದಾರೆ ಎಂಬ ಆರೋಪ ನೋಡಲು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಗೇ ಸರ್ಕಾರ ಸಹಕರಿಸಲಿಲ್ಲ ಎಂದು 2022ರಲ್ಲಿ ಮುಖ್ಯ ನ್ಯಾಯಮೂರ್ತಿಗಳು ಕೋರ್ಟಿನಲ್ಲೇ ಹೇಳಿದರು. ಅಂಥವರಿಗೇ ಉತ್ತರ ಸಿಗದಿದ್ದರೆ ನನ್ನ ನೋಟ್‌ಬುಕ್ಕಿಗೆ ಯಾರು ಉತ್ತರ ಕೊಡುತ್ತಾರೆ?

ಕಳ್ಳನನ್ನು ಹಿಡಿಯಲು ಹೋಗುವವರು ಮುಂಚೆಯೇ ಗಂಟೆ ಬಾರಿಸಲಿ ಅಂತ ನಾನು ಕೇಳುತ್ತಿಲ್ಲ. ಟೀಚರಮ್ಮನ ಕೇಸಿನಲ್ಲಿ ಆ ಹುಡುಗನಿಗೆ ಮೊದಲೇ ಗೊತ್ತಾಗಿದ್ದರೆ ಓಡಿಹೋಗುತ್ತಿದ್ದ. ಆದರೆ ತನಿಖೆ ಮುಗಿದು ಏನೂ ಸಿಗದಿದ್ದಾಗ, ಆರು ತಿಂಗಳಿಗೋ ವರ್ಷಕ್ಕೋ, "ನಿಮ್ಮ ಮಾಹಿತಿ ನೋಡಿದ್ದೆವು, ಇಂಥವರ ಆದೇಶದ ಮೇಲೆ" ಎಂದು ಒಂದು ಕಾಗದ ಕಳಿಸಿದರೆ ದೇಶಕ್ಕೆ ಏನು ನಷ್ಟ? ಒಬ್ಬ ಸಬ್ ಇನ್‌ಸ್ಪೆಕ್ಟರ್ ಒಂದು ರೂಪಾಯಿ ಕೊಟ್ಟು, ಸಹಿ ಹಾಕಿ, ಒಂದೇ ಹಾಳೆ ಒಯ್ದು ಕಳ್ಳನನ್ನು ಹಿಡಿದರು. ಅವರಿಂದ ಆದದ್ದು ದಿಲ್ಲಿಯವರಿಂದ ಯಾಕೆ ಆಗುವುದಿಲ್ಲ? ನಮ್ಮ ಲೋಕಸಭಾ ಸದಸ್ಯರು 17(2) ತಿದ್ದಿಸಲಿ, ಕದ್ದಾಲಿಕೆ ಸಮಿತಿಯಲ್ಲಿ ಒಬ್ಬ ಹೈಕೋರ್ಟ್ ನ್ಯಾಯಾಧೀಶರನ್ನು ಕೂರಿಸಲಿ. ಮುಂದಿನ ಸಲ ಓಟು ಕೇಳಲು ನನ್ನ ಅಂಗಡಿ ಮುಂದೆ ಬಂದಾಗ ಇದನ್ನೇ ಕೇಳುವವಳಿದ್ದೇನೆ.

ಕೊನೆಗೆ ಒಂದು ಸಣ್ಣ ಸಂದೇಹ. 2016ರಲ್ಲಿ ಕೆಫೆ ನಿಲ್ಲಿಸಿದೆ. ಉಳಿದ ರಿಜಿಸ್ಟರ್‌ಗಳು, ಒಟ್ಟು ಮೂವತ್ತೊಂದು, ಈಗಲೂ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿವೆ. ಒಂದು ವರ್ಷ ಇಡಿ ಅಂತ ನಿಯಮ ಹೇಳಿತ್ತು, ಆಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಹೊಸ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರವಂತೆ, ಕೈಬರಹದ ಪುಸ್ತಕ ಅದರ ಲೆಕ್ಕಕ್ಕೆ ಬರುವುದಿಲ್ಲವಂತೆ. ರದ್ದಿಗೆ ಹಾಕಲು ಮನಸ್ಸಿಲ್ಲ. ಚೂರು ಮಾಡುವ ಮಷಿನ್ನಿಗೆ ರಟ್ಟಿನ ಹೊದಿಕೆ ಹೋಗುವುದಿಲ್ಲ, ಹಾಳೆ ಹಾಳೆ ಕಿತ್ತು ಹಾಕಬೇಕು. ಸುಟ್ಟುಬಿಟ್ಟರೆ, ನಾಳೆ ಯಾರಾದರೂ ಬೈಕಿನಲ್ಲಿ ಬಂದು "ಎಲ್ಲಮ್ಮ ಪುಸ್ತಕ" ಎಂದರೆ ಏನು ಹೇಳಲಿ? ನಿಮ್ಮ ಓದುಗರಲ್ಲಿ ತಿಳಿದ ವಕೀಲರಿದ್ದರೆ ಇದೇ ಅಂಕಣದಲ್ಲಿ ಬರೆಯಲಿ.

ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ.

ಇಂತಿ,
ಜೆರಾಕ್ಸ್ ಅಂಗಡಿಯವಳು
ತುಮಕೂರು ಜಿಲ್ಲೆ