ಡೆಂಗಿಯೂ ಅಲ್ಲ, ಟೈಫಾಯ್ಡೂ ಅಲ್ಲ ಎಂದಾಗ

ಮಾನ್ಯ ಸಂಪಾದಕರೇ,

ಮಳೆ ಶುರುವಾದರೆ ರಾಯಚೂರು, ಸಿಂಧನೂರು, ಮಾನ್ವಿಯ ಕ್ಲಿನಿಕ್‌ಗಳಲ್ಲಿ ಜ್ವರದವರ ಸಾಲು. ಡೆಂಗಿ, ಮಲೇರಿಯಾ ಪರೀಕ್ಷೆ, ಟೈಫಾಯ್ಡ್‌ಗೆ ವಿಡಾಲ್ ಪರೀಕ್ಷೆ ಮಾಡಿಸಿ, ಏನೂ ಸಿಗದಿದ್ದರೆ ‘ವೈರಲ್ ಫೀವರ್’ ಎಂದು ಬರೆದು ಕಳುಹಿಸುವುದು ರೂಢಿ. ಹೊಸದಾಗಿ ಎಚ್‌ಐವಿ ತಗುಲಿದವರೂ ಆ ಸಾಲಿನಲ್ಲಿ ಇರಬಹುದು.

ಸೋಂಕು ತಗುಲಿದ 2ರಿಂದ 4 ವಾರಕ್ಕೆ ಬಹಳ ಮಂದಿಗೆ ದಿಢೀರನೆ ಜ್ವರ ಬರುತ್ತದೆ. ಗಂಟಲು ನೋವು, ಮೈಕೈ ನೋವು, ಕುತ್ತಿಗೆ ಮತ್ತು ಕಂಕುಳಲ್ಲಿ ಗಂಟು, ಎದೆ ಬೆನ್ನಿನ ಮೇಲೆ ಕೆಂಪು ದದ್ದು. ಪ್ಲೇಟ್‌ಲೆಟ್, ಬಿಳಿ ರಕ್ತಕಣ ಇಳಿಯುವುದೂ ಉಂಟು. ಹಾಗಾಗಿ ಡೆಂಗಿ ಎಂದೇ ಅನ್ನಿಸುತ್ತದೆ. ಬಾಯಲ್ಲೋ ಜನನಾಂಗದಲ್ಲೋ ಹುಣ್ಣಿದ್ದರೆ ಅನುಮಾನ ಬಲವಾಗಬೇಕು. ಒಂದೆರಡು ವಾರದಲ್ಲಿ ಜ್ವರ ತಾನಾಗಿಯೇ ಬಿಡುತ್ತದೆ, ಸಲೈನ್ ಏರಿಸಿದ್ದಕ್ಕೆ ವಾಸಿಯಾಯಿತೆಂದು ಮನೆಯವರು ನಂಬುತ್ತಾರೆ. ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುವುದು, ಇನ್ನೊಬ್ಬರಿಗೆ ಸುಲಭವಾಗಿ ದಾಟುವುದು ಆ ದಿನಗಳಲ್ಲೇ.

ಪರೀಕ್ಷೆ ಮಾಡಿಸಿದರೂ ಎಡವುವ ಜಾಗವೊಂದಿದೆ. ಸಾಮಾನ್ಯ ಕಾರ್ಡ್ ಟೆಸ್ಟ್ ಹುಡುಕುವುದು ಪ್ರತಿಕಾಯವನ್ನು, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿಯನ್ನು. ಅದು ಕಾಣಿಸಿಕೊಳ್ಳಲು 3ರಿಂದ 12 ವಾರ ಬೇಕು. ಜ್ವರವಿರುವಾಗಲೇ ಮಾಡಿಸಿ ‘ನೆಗೆಟಿವ್’ ಬಂತೆಂದು ಕೈತೊಳೆದುಕೊಂಡರೆ ಮಾಡಿಸದಿರುವುದಕ್ಕಿಂತ ಕೆಟ್ಟದ್ದು. ಪ್ರತಿಕಾಯದ ಜೊತೆಗೆ ಪಿ24 ಪ್ರತಿಜನಕವನ್ನೂ (ವೈರಸ್‌ನದೇ ಪ್ರೋಟೀನ್) ಹಿಡಿಯುವ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆ ಸೋಂಕು ತಗುಲಿದ 18ರಿಂದ 45 ದಿನದಲ್ಲಿ, ವೈರಸ್‌ನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ 10ರಿಂದ 33 ದಿನದಲ್ಲಿ ಸೋಂಕನ್ನು ತೋರಿಸಬಲ್ಲವು. ಅನುಮಾನವಿದ್ದರೆ ವೈದ್ಯರು ಈ ಪರೀಕ್ಷೆಗಳನ್ನೇ ಹೆಸರಿಸಿ ಚೀಟಿಯಲ್ಲಿ ಬರೆಯಬೇಕು. ನೆಗೆಟಿವ್ ಬಂದರೂ, ಸೋಂಕು ತಗುಲಿರಬಹುದಾದ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಲು ಹೇಳಿ, ಆ ತಾರೀಖನ್ನು ಚೀಟಿಯಲ್ಲೇ ಬರೆದುಕೊಡಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಕೆ ಕಡ್ಡಾಯ, ರಕ್ತದಾನ ಬೇಡ. ಪುಕ್ಕಟೆ ಟೆಸ್ಟ್ ಆಗುತ್ತದೆಂದು ರಕ್ತ ಕೊಡಲು ಹೋಗುವುದಂತೂ ಬೇಡವೇ ಬೇಡ.

ವೈದ್ಯ ಮಿತ್ರರೇ, ರೋಗಿಯ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಕಳೆದ ಒಂದೂವರೆ ತಿಂಗಳಲ್ಲಿ ಕಾಂಡೋಮ್ ಇಲ್ಲದೆ ಸಂಪರ್ಕವಾಗಿತ್ತೇ, ಬೇರೆಯವರ ಸೂಜಿ ಬಳಸಿದ್ದಿರೇ ಎಂದು ಕೇಳಿ. ಗುಳೆ ಹೋಗಿ ಬಂದವರನ್ನು, ಲಾರಿ ಚಾಲಕರನ್ನು ಮಾತ್ರ ಕೇಳುವುದು ತಪ್ಪು. ಮನೆ ಬಿಟ್ಟು ಕದಲದ ಗೃಹಿಣಿಗೂ ಗಂಡನಿಂದ ಸೋಂಕು ಬರುತ್ತದೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯಂತೆ ಒಪ್ಪಿಗೆ ಇಲ್ಲದೆ ಪರೀಕ್ಷೆ ಸಲ್ಲದು, ಫಲಿತಾಂಶ ಗುಟ್ಟಾಗಿರಬೇಕು.

ಸರ್ಕಾರದ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಪರೀಕ್ಷೆ, ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಎರಡೂ ಉಚಿತ. ಸಿಡಿ4 (ರೋಗನಿರೋಧಕ ಕಣಗಳ) ಎಣಿಕೆ ಎಷ್ಟೇ ಇರಲಿ, ಪಾಸಿಟಿವ್ ಎಂದು ಖಚಿತವಾದ ಕೂಡಲೇ ಮಾತ್ರೆ ಶುರು ಮಾಡುತ್ತಾರೆ. ಮಾಹಿತಿಗೆ ಸಹಾಯವಾಣಿ 1097. ಆದರೆ ಜ್ವರದ ದಿನಗಳಲ್ಲೇ ಸೋಂಕು ಹಿಡಿಯುವ ಪರೀಕ್ಷೆಗಳು ತಾಲ್ಲೂಕಿನ ರೋಗಿಗಳಿಗೂ ಪುಕ್ಕಟೆಯಾಗಿ ಎಟುಕುವಂತೆ, ಅಲ್ಲಿಂದ ರಕ್ತದ ಮಾದರಿಯನ್ನಾದರೂ ಜಿಲ್ಲಾ ಲ್ಯಾಬಿಗೆ ಕಳುಹಿಸುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕು.

— ಜ್ವರ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು, ರಾಯಚೂರು