ಗಿಟಾರ್ ಸಂಜೆಗೆ ಹೆಗಲು ಕೊಟ್ಟ ಮೈಸೂರಿನ ಕುವೆಂಪುನಗರದ ಎಲ್ಲರಿಗೂ

ಹೋದ ಭಾನುವಾರ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆದ ಉಚಿತ ಗಿಟಾರ್ ಉತ್ಸವ ನಿರ್ವಿಘ್ನವಾಗಿ ಮುಗಿಯಿತು ಎಂದು ಬರೆಯಲಾರೆ. ವಿಘ್ನಗಳು ಬಂದವು, ನೀವೆಲ್ಲ ಸೇರಿ ಅವನ್ನು ದಾಟಿಸಿದಿರಿ. ಸಂಘಟಕರ ಪರವಾಗಿ ಆ ಋಣವನ್ನು ನೆನೆಯಲು ಈ ಬರಹ.

ಮೊದಲ ನಮಸ್ಕಾರ ಉದ್ಯಾನದ ಮೂಲೆಯಲ್ಲಿರುವ ಆಟೋ ನಿಲ್ದಾಣದ ಚಾಲಕರಿಗೆ. ಸ್ಪ್ಯಾನಿಷ್ ಶಾಸ್ತ್ರೀಯ ಗಿಟಾರ್‌ನ ದನಿ ಬಹಳ ಮೆಲುವಾದದ್ದು. ಆಂಟೋನಿಯೊ ಡಿ ಟೊರೆಸ್ 19ನೇ ಶತಮಾನದಲ್ಲಿ ಅದರ ಒಡಲನ್ನು ಹಿಗ್ಗಿಸಿ ಇಂದಿನ ರೂಪ ಕೊಟ್ಟ ಮೇಲೂ ಅದು ನಾಲ್ಕು ಗೋಡೆಗಳ ನಡುವಿನ ವಾದ್ಯವಾಗಿಯೇ ಉಳಿದಿದೆ. ನೈಲಾನ್ ತಂತಿಯನ್ನು ಉಗುರಿನಿಂದ ಮೀಟಿದಾಗ ಹೊರಡುವ ನಾದವನ್ನು ಮೈಕು ದೊಡ್ಡದು ಮಾಡುತ್ತದೆ ನಿಜ, ಆದರೆ ಬೀದಿಯ ಸದ್ದನ್ನೂ ಬಿಡದೆ ಎಳೆದುಕೊಳ್ಳುತ್ತದೆ. ಎರಡನೆಯ ಕೃತಿ ನಡೆಯುತ್ತಿದ್ದಾಗ ನಾನು ಗೇಟಿನ ಬಳಿ ನಿಂತಿದ್ದೆ. ಬಾಡಿಗೆ ಸಿಕ್ಕ ಚಾಲಕರೊಬ್ಬರು ಎಂಜಿನ್ ಶುರು ಮಾಡದೆ ಆಟೋವನ್ನು ತಿರುವಿನವರೆಗೂ ಕೈಯಲ್ಲೇ ತಳ್ಳಿಕೊಂಡು ಹೋದರು. ಅವರ ಹಿಂದೆ ತರಕಾರಿ ಚೀಲ ಹಿಡಿದು ಪ್ರಯಾಣಿಕರೂ ನಡೆದರು. ಆಮೇಲೆ ನಿಲ್ದಾಣದ ಉಳಿದವರೂ ಹಾಗೆಯೇ ಮಾಡಿದರು. ಯಾರೂ ಅವರಿಗೆ ಹೇಳಿರಲಿಲ್ಲ. ವೇದಿಕೆಯ ಮೇಲಿದ್ದ ಕಲಾವಿದರಿಗೆ ಇದು ಕಾಣುವಂತಿರಲಿಲ್ಲ, ಆಮೇಲೆ ನಾನೇ ತಿಳಿಸಿದೆ. ಅವರು ಇಳಿದು ಹೋಗಿ ಒಬ್ಬೊಬ್ಬರ ಕೈ ಹಿಡಿದು ಬಂದರು.

ಹಣದ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ವೇದಿಕೆಯ ಖರ್ಚು ಕೊಡುತ್ತೇವೆ ಎಂದಿದ್ದ ಸಂಸ್ಥೆಯೊಂದು ಕೊನೆಯ ವಾರದಲ್ಲಿ ಹಿಂದೆ ಸರಿಯಿತು. ಟಿಕೆಟ್ ಇಡಿ ಎಂದು ಹಿತೈಷಿಗಳು ಹೇಳಿದರು. ನಮಗೆ ಮನಸ್ಸು ಬರಲಿಲ್ಲ. ಸ್ಪೇನಿನ ಫ್ಲಮೆಂಕೊ ಸಂಗೀತ ಎಂದರೇನೆಂದು ಗೊತ್ತಿಲ್ಲದವರು ಟಿಕೆಟ್ ಕೊಂಡು ಯಾಕೆ ಬರಬೇಕು? ವಾಕಿಂಗ್‌ಗೆ ಬಂದವರು, ಕೆಲಸ ಮುಗಿಸಿ ಮನೆಗೆ ಹೊರಟವರು ನಿಂತು ಕೇಳಲಿ ಎಂಬುದಕ್ಕೇ ಅಲ್ಲವೇ ಬಯಲಿನಲ್ಲಿ ಮಾಡುವುದು? ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿಗಳನ್ನು ರಸ್ತೆಯಲ್ಲೇ ಕುಳಿತು ಕೇಳಿದ ಊರು ನಮ್ಮದು. ಇದನ್ನು ಅರ್ಥಮಾಡಿಕೊಂಡು ಮನೆಮನೆಯಿಂದ ಕೈಲಾದಷ್ಟು ಕೊಟ್ಟ ನಿವಾಸಿಗಳಿಗೆ, ಅರ್ಧ ಬಾಡಿಗೆ ಮಾತ್ರ ತೆಗೆದುಕೊಂಡ ಶಾಮಿಯಾನದವರಿಗೆ, ಕಲಾವಿದರಿಗೆಲ್ಲ ರಾತ್ರಿಯ ಊಟ ಮಾಡಿಸಿ ಕಳಿಸಿದ ಮೆಸ್ಸಿನ ಅಮ್ಮನವರಿಗೆ ಎಷ್ಟು ಹೇಳಿದರೂ ಕಡಿಮೆ.

ಶ್ರೋತೃಗಳಿಗೆ ವಿಶೇಷವಾಗಿ ಒಂದು ಮಾತು. ಬಯಲಿನಲ್ಲಿ ಗಿಟಾರ್ ಶ್ರುತಿ ನಿಲ್ಲುವುದಿಲ್ಲ. ದೀಪಗಳ ಕಾವಿಗೆ ಉಕ್ಕಿನ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಸಂಜೆಯ ತಂಪಿಗೆ ಬಿಗಿದುಕೊಂಡು ಏರುತ್ತದೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ನುಡಿಸಿದ ಯುವತಿ ಪ್ರತಿ ಹಾಡಿಗೂ ಮುಂಚೆ ಆರೂ ಬಿರಡೆಗಳನ್ನು ತಿರುವಿ ಸರಿಮಾಡಬೇಕಾಯಿತು. ಆಗ ನೀವು ಚಪ್ಪಾಳೆ ತಟ್ಟಿ ಅವಸರಪಡಿಸಲಿಲ್ಲ, ಎದ್ದೂ ಹೋಗಲಿಲ್ಲ. ತಂಬೂರಿ ಶ್ರುತಿ ಮಾಡುವುದನ್ನು ಕೇಳಿ ಬೆಳೆದ ಊರಿಗೆ ಈ ತಾಳ್ಮೆ ಸಹಜವಾಗಿ ಬಂದಿರಬೇಕು. ಆಕೆಗಂತೂ ಅದು ದೊಡ್ಡ ಬಲ ಕೊಟ್ಟಿತು.

'ಗಿಟಾರ್ ನಮ್ಮ ವಾದ್ಯವಲ್ಲವಲ್ಲ' ಎಂದು ಮೊದಲ ಸಭೆಯಲ್ಲಿ ಕೇಳಿದ ಹಿರಿಯರಿಗೂ ಧನ್ಯವಾದ. ಕೇಳಿದ್ದರಿಂದಲೇ ನಾವು ಕಾರ್ಯಕ್ರಮವನ್ನು ಹೆಣೆದ ರೀತಿ ಬದಲಾಯಿತು. ಪಿಟೀಲು ಕೂಡ ಸಮುದ್ರ ದಾಟಿ ಬಂದದ್ದೇ. ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, ನಮ್ಮ ಟಿ. ಚೌಡಯ್ಯನವರು ಏಳು ತಂತಿ ಕಟ್ಟಿ ನುಡಿಸಿದರು. ಗಿಟಾರ್ ಕೂಡ ಆ ದಾರಿಯಲ್ಲಿ ಬಹಳ ದೂರ ಬಂದಿದೆ. ತಂತಿಯ ಮೇಲೆ ಉಕ್ಕಿನ ಸಲಾಕೆ ಜಾರಿಸುವ ಹವಾಯಿ ದ್ವೀಪಗಳ ಕ್ರಮವನ್ನು ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಗಳಿಗೆ ತಂದರು. ವಿಶ್ವಮೋಹನ ಭಟ್ಟರು ತರಬ್ ತಂತಿಗಳನ್ನು (ಮೀಟದೆಯೇ ಜೊತೆಯಲ್ಲಿ ಅನುರಣಿಸುವ ತಂತಿಗಳನ್ನು) ಸೇರಿಸಿ ಮೋಹನವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಅದಕ್ಕೇ ಸ್ಪೇನಿನಿಂದ ಶುರುಮಾಡಿ, ಬ್ಲೂಸ್ ಮತ್ತು ಸ್ಲೈಡ್ ಗಿಟಾರ್ ದಾಟಿ, ಕೊನೆಗೆ ಕರ್ನಾಟಕ ಸಂಗೀತಕ್ಕೆ ಬಂದು ನಿಲ್ಲಿಸಿದೆವು.

ಆ ಕೊನೆಯ ಕಚೇರಿ ಮುಗಿದ ಮೇಲೆ ನಡೆದದ್ದನ್ನು ಅಲ್ಲಿದ್ದ ಕೆಲವರೇ ನೋಡಿದರು. ಸರಸ್ವತಿಪುರದಲ್ಲಿ ಮಕ್ಕಳಿಗೆ ವೀಣೆ ಕಲಿಸುವ ಅಮ್ಮನವರು ಮೊಮ್ಮಗಳ ಕೈ ಹಿಡಿದು ವೇದಿಕೆ ಹತ್ತಿದರು. "ತೋಡಿ ರಾಗದ ಗಾಂಧಾರ ಸ್ವರವನ್ನು ಎಲ್ಲಿಂದ ಎಳೆದೆಯಪ್ಪ? ಇನ್ನೊಮ್ಮೆ ತೋರಿಸು" ಎಂದರು. ಆ ಕಚೇರಿಯಲ್ಲಿ ಗಿಟಾರ್ ನುಡಿಸಿದ್ದ ಹುಡುಗ ನೆಲದ ಮೇಲೆ ಕುಳಿತು ಎರಡು ಬಗೆಯಲ್ಲಿ ನುಡಿಸಿದ. ಒಂದರಲ್ಲಿ ಒಂದೇ ಮೆಟ್ಟಿಲಿನ (ತಂತಿಯ ಕೆಳಗಿನ ಅಡ್ಡಪಟ್ಟಿಯ) ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದ, ಇನ್ನೊಂದರಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೆರಳು ಜಾರಿಸಿದ. ವೀಣೆಯ ಮೆಟ್ಟಿಲುಗಳು ಎತ್ತರ, ಎಳೆಯಲು ಜಾಗವಿರುತ್ತದೆ. ಗಿಟಾರ್‌ನಲ್ಲಿ ಅವು ಮರಕ್ಕೆ ಅಂಟಿಕೊಂಡಂತಿರುತ್ತವೆ, ಬೆರಳ ತುದಿಗೆ ನೋವು. ಅಮ್ಮನವರು ಕಣ್ಣು ಮುಚ್ಚಿ ಎರಡನ್ನೂ ಕೇಳಿ, "ಕಷ್ಟವಾದರೂ ಮೊದಲನೆಯದನ್ನೇ ಇಟ್ಟುಕೋ" ಎಂದರು. ಅವನು ತಲೆಬಾಗಿ ಒಪ್ಪಿಕೊಂಡ. ನಾವು ತಿಂಗಳುಗಟ್ಟಲೆ ಓಡಾಡಿದ್ದಕ್ಕೆ ಇದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ. ಅಮ್ಮಾ, ನಿಮ್ಮ ಪಾದಕ್ಕೆ ನಮಸ್ಕಾರ.

ಬೀಟೆ ಮರದ ಕೆತ್ತನೆ ಕೆಲಸದ ಹಿರಿಯರೊಬ್ಬರು ಗಿಟಾರ್‌ನ ಬೆನ್ನನ್ನು ಸವರಿ "ಇದು ನಮ್ಮ ಕಡೆಯ ಬೀಟೆ" ಎಂದು ಗುರುತಿಸಿದ್ದೂ ಆಗಲೇ. ಪ್ರಪಂಚದ ಒಳ್ಳೆಯ ಗಿಟಾರ್‌ಗಳ ಹಿಂಬದಿಗೂ ಪಕ್ಕಗಳಿಗೂ ಈ ಮರವನ್ನು ಬಳಸುತ್ತಾರೆ. ಅವರು ಮುಂದಿನ ಸಲ ವೇದಿಕೆಯ ಪಕ್ಕ ತಮ್ಮ ಕೆಲಸವನ್ನು ಮಕ್ಕಳಿಗೆ ತೋರಿಸಲು ಒಪ್ಪಿದ್ದಾರೆ.

ಮಧ್ಯೆ ಮಳೆ ಹನಿದಾಗ ವೈರುಗಳ ಮೇಲೆ ತಾಡಪಾಲು ಹೊದಿಸಿದ ಕಾಲೇಜು ಹುಡುಗರಿಗೂ, ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಹುಲ್ಲುಹಾಸನ್ನು ಗುಡಿಸಿಟ್ಟಿದ್ದ ಪೌರಕಾರ್ಮಿಕರಿಗೂ ನಾವು ಋಣಿಗಳು. ಖರ್ಚುವೆಚ್ಚದ ಪೂರ್ಣ ಲೆಕ್ಕವನ್ನು ಉದ್ಯಾನದ ಸೂಚನಾ ಫಲಕದಲ್ಲಿ ಹಾಕಿದ್ದೇವೆ, ದಯವಿಟ್ಟು ನೋಡಿ. ಉಳಿದ ಅಲ್ಪ ಹಣದಲ್ಲಿ ಬಡಾವಣೆಯ ಸರ್ಕಾರಿ ಶಾಲೆಗೆ ಒಂದು ಗಿಟಾರ್ ಮತ್ತು ಒಂದಷ್ಟು ಜೊತೆ ತಂತಿ ಕೊಡಿಸುತ್ತಿದ್ದೇವೆ. ಶನಿವಾರ ಮಧ್ಯಾಹ್ನಗಳಲ್ಲಿ ಕಲಿಸಲು ತೋಡಿ ನುಡಿಸಿದ ಆ ಹುಡುಗನೇ ಬರುತ್ತಾನೆ.