ಮಾರಾಟಕ್ಕಿಲ್ಲದ ತಂಡಕ್ಕೆ ಬೆಲೆ ಕಟ್ಟುವುದು: ಗೆಳೆಯನಿಗೊಂದು ಪತ್ರ

ಕೊಲಂಬಸ್, ಒಹಾಯೊ

ಪ್ರಿಯ ಶಿವಾನಂದ,

ಇಲ್ಲಿ ನಾವೆಲ್ಲ ಕ್ಷೇಮ. ಕಳೆದ ತಿಂಗಳು ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಏನೋ ಒಂದು ಹೇಳಿ ಜಾರಿಕೊಂಡಿದ್ದೆ. ಅದು ಅಂದಿನಿಂದಲೂ ಮನಸ್ಸನ್ನು ಕೊರೆಯುತ್ತಿದೆ. "ಆರ್‌ಸಿಬಿ 2008ರಲ್ಲಿ 11.16 ಕೋಟಿ ಡಾಲರಿಗೆ ಹೋಯಿತು ಎಂದರೆ ಅರ್ಥವಾಗುತ್ತದೆ. ಅಲ್ಲಿ ಹರಾಜಿತ್ತು, ಕೂಗಿದವರಿದ್ದರು, ಕೊಂಡವರಿದ್ದರು. ನಿಮ್ಮೂರ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಬೆಲೆ 150 ಕೋಟಿ ಡಾಲರ್ ಎನ್ನುತ್ತೀಯಲ್ಲ, ಅದನ್ನು ಮಾರುವವರು ಯಾರು, ಕೊಳ್ಳುವವರು ಯಾರು?" ಎಂದು ನೀನು ಕೇಳಿದ್ದೆ. ಒಂದೇ ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡಿದವರು ನಾವು; ಲೆಕ್ಕದ ಪ್ರಶ್ನೆಗೆ ಲೆಕ್ಕದಲ್ಲಿಯೇ ಉತ್ತರ ಕೊಡಬೇಕಲ್ಲವೇ?

ಆ 150 ಕೋಟಿಯ ಅಂಕಿ ಹುಟ್ಟಿದ್ದು 2017ರಲ್ಲಿ. ರಯಾನ್ ಬ್ರೂವರ್ ಎಂಬ ಹಣಕಾಸು ಪ್ರಾಧ್ಯಾಪಕರು 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಗಾಗಿ ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳಿಗೆ ಬೆಲೆ ಕಟ್ಟಿದಾಗ ನಮ್ಮೂರ ವಿಶ್ವವಿದ್ಯಾಲಯವಾದ ಒಹಾಯೊ ಸ್ಟೇಟ್ ಮೊದಲ ಸ್ಥಾನದಲ್ಲಿತ್ತು. ಅವರು ಕಲಿಸುತ್ತಿದ್ದ ಊರಿನ ಹೆಸರೂ ಕೊಲಂಬಸ್ಸೇ; ಆದರೆ ಅದು ಇಂಡಿಯಾನಾ ರಾಜ್ಯದ ಕೊಲಂಬಸ್, ಆದ್ದರಿಂದ ಊರಭಿಮಾನದ ಆರೋಪ ಹೊರಿಸುವಂತಿಲ್ಲ. ತಂಡದ ವರಮಾನ, ಕೈಯಲ್ಲಿ ಉಳಿಯುವ ನಗದು, ಅಪಾಯ, ಮುಂದಿನ ಬೆಳವಣಿಗೆ, ಇವನ್ನೆಲ್ಲ ತೂಗಿ, ಇದು ವೃತ್ತಿಪರ ತಂಡದಂತೆ ಮುಕ್ತ ಪೇಟೆಯಲ್ಲಿ ಬಿಕರಿಯಾಗುವುದಾದರೆ ಏನು ಬೆಲೆ ಬಂದೀತು ಎಂಬುದೇ ಆ ಲೆಕ್ಕ. "ಆಗುವುದಾದರೆ" ಎಂಬ ಆ ಒಂದು ಮಾತಿನ ಮೇಲೆಯೇ ಇಡೀ ಕಟ್ಟಡ ನಿಂತಿದೆ.

ವೃತ್ತಿಪರ ಫುಟ್‌ಬಾಲಿನಲ್ಲಿ ಈ ತೊಡಕಿಲ್ಲ. 2023ರಲ್ಲಿ ವಾಷಿಂಗ್ಟನ್ ಕಮಾಂಡರ್ಸ್ ತಂಡ 605 ಕೋಟಿ ಡಾಲರಿಗೆ ಮಾರಾಟವಾಯಿತು. ಉಳಿದ ತಂಡಗಳನ್ನು ಅಳೆಯಲು ಅದೇ ಗಜಕೋಲಾಯಿತು. ಕಾಲೇಜು ತಂಡಕ್ಕೆ ಅಂಥ ಗಜಕೋಲು ಇಲ್ಲ. 2024ರ ಡಿಸೆಂಬರಿನಲ್ಲಿ ಸಿಎನ್‌ಬಿಸಿ ವಾಹಿನಿ ಒಹಾಯೊ ಸ್ಟೇಟ್‌ನ ಇಡೀ ಕ್ರೀಡಾ ವಿಭಾಗಕ್ಕೆ, ಫುಟ್‌ಬಾಲಿನ ಜೊತೆಗೆ ಉಳಿದೆಲ್ಲ ಆಟಗಳನ್ನೂ ಸೇರಿಸಿ, 132 ಕೋಟಿ ಡಾಲರ್ ಬೆಲೆ ಕಟ್ಟಿತು. ಏಳು ವರ್ಷ ಹಿಂದಿನ ಲೆಕ್ಕದಲ್ಲಿ ಫುಟ್‌ಬಾಲ್ ಒಂದೇ 150 ಕೋಟಿ. 2024ರ ಲೆಕ್ಕದಲ್ಲಿ ಇಡೀ ಮನೆ ಸೇರಿ 132 ಕೋಟಿ. ಈ ನಡುವೆ ಪ್ರಸಾರದ ಹಣವಂತೂ ಏರುತ್ತಲೇ ಹೋಗಿದೆ. ಇಂಥ ಎರಡು ಕಾಗದಗಳನ್ನು ಒಬ್ಬನೇ ಕಕ್ಷಿಗಾರ ನಿನ್ನ ಮೇಜಿನ ಮೇಲಿಟ್ಟಿದ್ದರೆ ನೀನು ಸಹಿ ಹಾಕುವ ಮುನ್ನ ಒಂದು ಲೋಟ ಚಹಾ ತರಿಸುತ್ತಿದ್ದೆ.

ಹಾಗೆಂದು ಹಣ ಸುಳ್ಳಲ್ಲ. 1984ರವರೆಗೆ ಯಾವ ತಂಡದ ಪಂದ್ಯ ಎಷ್ಟು ಬಾರಿ ಟಿವಿಯಲ್ಲಿ ಬರಬೇಕೆಂದು ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆಯೇ ನಿರ್ಧರಿಸುತ್ತಿತ್ತು. ಓಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೆಟ್ಟಿಲೇರಿದವು, ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಆ ಹಿಡಿತವನ್ನು ಮುರಿಯಿತು. ಒಪ್ಪದ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬೈರನ್ ವೈಟ್ ತಮ್ಮ ಕಾಲದಲ್ಲಿ ಕೊಲರಾಡೊದ ಹೆಸರಾಂತ ಕಾಲೇಜು ಆಟಗಾರರಾಗಿದ್ದವರು. ಅಲ್ಲಿಂದ ಮುಂದೆ ಹಕ್ಕುಗಳ ಮಾರಾಟ ಲೀಗ್‌ಗಳ ಕೈಗೆ ಬಂತು. ಇಲ್ಲಿ ಲೀಗನ್ನು ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮ ಒಹಾಯೊ ಸ್ಟೇಟ್ ಇರುವ ಬಿಗ್ ಟೆನ್, 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳೊಡನೆ ಏಳು ವರ್ಷಗಳಿಗೆ 700 ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಹೆಸರು ಬಿಗ್ ಟೆನ್, ಇರುವ ಸದಸ್ಯರು ಹದಿನೆಂಟು. ಅದನ್ನು ಇಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ.

ಪಟ್ಟಿಗಳು ತಂಡದ ಬೆಲೆ ಎಂದು ಕರೆಯುವುದು ಬಹುಮಟ್ಟಿಗೆ ಆ ಕಾನ್ಫರೆನ್ಸಿನಲ್ಲಿ ಅದಕ್ಕಿರುವ ಜಾಗದ ಬೆಲೆ ಎಂಬುದು ನನ್ನ ತರ್ಕ. ಪಶ್ಚಿಮ ಕರಾವಳಿಯ ಪ್ಯಾಕ್-12 ಕಾನ್ಫರೆನ್ಸಿನ ಗತಿ ನೋಡು. 2022ರಲ್ಲಿ ಲಾಸ್ ಏಂಜಲೀಸಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಅದನ್ನು ಬಿಟ್ಟು ಬಿಗ್ ಟೆನ್ ಸೇರುವುದಾಗಿ ಘೋಷಿಸಿದವು, ಮರುವರ್ಷ ಉಳಿದವೂ ಒಂದೊಂದಾಗಿ ಎದ್ದು ಹೊರಟವು, 2024ರ ಹೊತ್ತಿಗೆ ಹನ್ನೆರಡರಲ್ಲಿ ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಅವುಗಳ ಕ್ರೀಡಾಂಗಣದ ಒಂದು ಇಟ್ಟಿಗೆಯೂ ಕದಲಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ, ಪ್ರತಿ ವಾರ ಬರುವ ಜನ ಊರು ಬಿಟ್ಟಿರಲಿಲ್ಲ. ಆದರೂ ದೊಡ್ಡ ಪ್ರಸಾರ ಒಪ್ಪಂದದ ಪಾಲು ಕೈತಪ್ಪಿತು. ಬೆಲೆ ತಂಡದೊಳಗೇ ಇದ್ದಿದ್ದರೆ ಹೀಗೆ ಒಂದೇ ಬೇಸಿಗೆಯಲ್ಲಿ ಆವಿಯಾಗುತ್ತಿರಲಿಲ್ಲ.

ಇನ್ನು ಖರ್ಚಿನ ಕಡೆಗೆ ಬರುತ್ತೇನೆ. ನಿನಗೆ ರುಚಿಸುವ ಭಾಗ ಇದೇ. ಸಂಘ-ಸಂಸ್ಥೆಗಳ ಲೆಕ್ಕ ತಪಾಸಣೆ ಮಾಡಿ ತಲೆ ನರೆಸಿಕೊಂಡವನು ನೀನು. ಲಾಭ ಹಂಚಿಕೊಳ್ಳುವ ಷೇರುದಾರರೇ ಇಲ್ಲದ ಕಡೆ ಉಳಿಕೆಯ ಹಣ ಮಾರ್ಚ್ ಮುಗಿಯುವುದರೊಳಗೆ ಏನಾದರೊಂದು ಖರ್ಚಾಗಿ ಮಾರ್ಪಡುತ್ತದೆ ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ. ಇಲ್ಲಿ ಆ ಹಣದ ಒಂದು ಪಾಲು ಬೇರೆ ಆಟಗಳನ್ನು ಸಾಕುತ್ತದೆ. ಒಹಾಯೊ ಸ್ಟೇಟ್‌ನಲ್ಲಿ 36 ತಂಡಗಳಿವೆ. ಕತ್ತಿವರಸೆ, ದೋಣಿ ಹುಟ್ಟುಹಾಕುವ ಸ್ಪರ್ಧೆಗಳೂ ಅದರಲ್ಲಿ ಸೇರಿವೆ, ಅವುಗಳಲ್ಲಿ ಹೆಚ್ಚಿನವು ಫುಟ್‌ಬಾಲಿನ ದುಡಿಮೆಯಲ್ಲಿಯೇ ಬದುಕುತ್ತವೆ. ಈ ಪಾಲಿನ ಬಗ್ಗೆ ನನ್ನ ತಕರಾರಿಲ್ಲ. ಇನ್ನೊಂದು ಪಾಲು ಕೋಚ್‌ಗಳಿಗೆ ಹೋಗುತ್ತದೆ. 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ಬಿಡಿಸಿದಾಗ, ಬಿಡಿಸಿದ್ದಕ್ಕಾಗಿಯೇ ಕೊಡಬೇಕಾಗಿ ಬಂದ ಮೊತ್ತ ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಆಡಿಸದೆ ಇರುವುದಕ್ಕೆ ಕೊಟ್ಟ ಸಂಬಳ ಅದು.

ಆದರೆ ಆಡಿದವರಿಗೆ? ಅಲ್ಲಿದೆ ಈ ಬೆಲೆಯ ನಿಜವಾದ ಗುಟ್ಟು. 1955ರಲ್ಲಿ ಕೊಲರಾಡೊದ ಒಂದು ಸಣ್ಣ ಕಾಲೇಜಿನ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಕಾರ್ಮಿಕ ಪರಿಹಾರ ಬೇಕೆಂದು ಅವನ ಹೆಂಡತಿ ಕೋರ್ಟಿಗೆ ಹೋದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅವನು ನೌಕರನಲ್ಲವೆಂದು ಹೇಳಿತು. 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಜೋಡುಪದವನ್ನು ಎನ್‌ಸಿಎಎ ಚಲಾವಣೆಗೆ ತಂದದ್ದು ಆ ಕಾಲದಲ್ಲಿಯೇ. ಒಂದು ಅಡ್ಡಗೆರೆಯ ಆ ಪದ ಲಾಭ-ನಷ್ಟದ ಪಟ್ಟಿಯಿಂದ ಒಂದು ಇಡೀ ಸಾಲನ್ನು, ಸಂಬಳದ ಸಾಲನ್ನು, ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಗಿಟ್ಟಿತು. ವಿದ್ಯಾರ್ಥಿವೇತನ, ಊಟ, ವಸತಿ ಸಿಗುತ್ತಿದ್ದವು ನಿಜ. ಆದರೆ ಲಕ್ಷ ಜನ ಟಿಕೆಟು ಕೊಂಡು ನೋಡುವ ಆಟವನ್ನು ಆಡುವವನಿಗೆ ತನ್ನ ಹೆಸರಿನ ಅಂಗಿ ಮಾರಿ ಒಂದು ಡಾಲರ್ ಪಡೆಯುವ ಹಕ್ಕೂ ಇರಲಿಲ್ಲ.

2021ರ ಜೂನ್‌ನಲ್ಲಿ, ಆಟಗಾರರು ಹೂಡಿದ್ದ ಆಲ್ಸ್ಟನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು, ಮರುತಿಂಗಳಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದೆಂದಾಯಿತು. ಆಟಗಾರರು ಹೂಡಿದ್ದ ಇನ್ನೊಂದು ಮೊಕದ್ದಮೆಯಲ್ಲಿ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು. ಮುಂದೆ ಪ್ರತಿ ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು, ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಈಗ ಪೆನ್ಸಿಲ್ ಹಿಡಿ. ವರ್ಷಕ್ಕೆ ಎರಡು ಕೋಟಿಯ ಹೊಸ ಖಾಯಂ ಖರ್ಚು, ಹಾಕಿದ ಹಣಕ್ಕೆ ಶೇಕಡ 10ರ ಆದಾಯ ಬೇಕೆಂದು ಹಿಡಿದರೆ, ಇಪ್ಪತ್ತು ಕೋಟಿಯಷ್ಟು ಬೆಲೆಯನ್ನು ತಿನ್ನಬೇಕು. ಆದರೆ ವರಮಾನಕ್ಕೆ ಒಂದು ಗುಣಕ ಹಾಕಿ ಬೆಲೆ ಹೇಳಿಬಿಡುವ ಪಟ್ಟಿಯಲ್ಲಿ ಈ ಖರ್ಚು ಕಾಣುವುದೇ ಇಲ್ಲ. ಇಂಥ ಪಟ್ಟಿ ಓದುವಾಗಲೆಲ್ಲ ನನಗೆ ಅನುಮಾನ ಬರುವುದು ಇಲ್ಲಿಯೇ: ಸಂಬಳ ಕೊಡದೆ ಬೆಳೆದ ಬೆಲೆಯನ್ನು ಸಂಬಳ ಕೊಡುವ ಕಾಲಕ್ಕೂ ಹಾಗೆಯೇ ಎತ್ತಿ ತಂದಿದ್ದೇವೆಯೇ?

ಆದರೂ ಶನಿವಾರ ಬೆಳಿಗ್ಗೆ ಕ್ರೀಡಾಂಗಣದ ಹತ್ತಿರದ ಓಣಿಯಲ್ಲಿ ನಿಂತರೆ ನನ್ನ ಪೆನ್ಸಿಲ್ ಮೊಂಡಾಗುತ್ತದೆ. ಮನೆಯವರು ತಮ್ಮ ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ರಟ್ಟಿನ ಫಲಕದಲ್ಲಿ ದರ ಬರೆದು ಕುಳಿತಿರುತ್ತಾರೆ. ಅಪರಿಚಿತನೊಬ್ಬ ರಸ್ತೆಯಾಚೆಯಿಂದ "ಓ-ಎಚ್" ಎಂದು ಕೂಗಿದರೆ ಈಚೆಯವರು "ಐ-ಓ" ಎಂದು ಮುಗಿಸಬೇಕು. ನನ್ನ ಮಗಳು ಅದನ್ನು ಕಲಿತದ್ದು ವರ್ಣಮಾಲೆಗಿಂತ ಮೊದಲು. ಕಡುವೈರಿ ಮಿಷಿಗನ್ ಜೊತೆಗಿನ ಪಂದ್ಯದ ವಾರ ವಿಶ್ವವಿದ್ಯಾಲಯದ ಫಲಕಗಳಲ್ಲಿರುವ 'ಎಂ' ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿ ಅಂಟಿಸಿ ಕಾಟು ಹಾಕುತ್ತಾರೆ. ವಾದ್ಯದವರು ಮೈದಾನದಲ್ಲಿ ನಡೆಯುತ್ತಲೇ 'ಒಹಾಯೊ' ಎಂಬ ಇಂಗ್ಲಿಷ್ ಪದವನ್ನು ಕೂಡಕ್ಷರದಲ್ಲಿ ಬರೆಯುತ್ತಾರೆ, ದೊಡ್ಡ ಸೂಸಾಫೋನ್ ಹೊತ್ತ ವಿದ್ಯಾರ್ಥಿಯೊಬ್ಬ ಹೆಜ್ಜೆ ಎತ್ತೆತ್ತಿ ಹಾಕುತ್ತ ಬಂದು 'ಐ' ಅಕ್ಷರದ ಮೇಲಿನ ಚುಕ್ಕೆಯಾಗಿ ನಿಲ್ಲುತ್ತಾನೆ, ಲಕ್ಷ ಜನ ಎದ್ದು ಕೂಗುತ್ತಾರೆ.

ನಮ್ಮ ಪಕ್ಕದ ಮನೆಯ ಹಿರಿಯರು ನಲವತ್ತು ವರ್ಷಗಳಿಂದ ಒಂದೇ ಜಾಗದ ಎರಡು ಸೀಟುಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಟಿಕೆಟಿನ ಹಣ ಬೇರೆ, ಸೀಟು ಕೈಬಿಟ್ಟು ಹೋಗದಿರಲೆಂದು ಪ್ರತಿ ವರ್ಷ ಕೊಡುವ ದೇಣಿಗೆ ಬೇರೆ. 2017ರ ತೆರಿಗೆ ಕಾನೂನು ಬರುವವರೆಗೆ ಆ ದೇಣಿಗೆಯ ಶೇಕಡ 80ರಷ್ಟಕ್ಕೆ ವಿನಾಯಿತಿ ಸಿಗುತ್ತಿತ್ತು; ವಿನಾಯಿತಿ ಹೋದ ಮೇಲೂ ಅವರು ಒಂದು ವರ್ಷ ತಪ್ಪಿಸಿಲ್ಲ. ನಿನ್ನ ಪ್ರಶ್ನೆಯನ್ನು ಅವರ ಮುಂದಿಟ್ಟು, ಈ ತಂಡವನ್ನು ಯಾರಾದರೂ 150 ಕೋಟಿಗೆ ಕೇಳಿದರೆ ಕೊಡಬಹುದೇ ಎಂದೆ. ಅವರು ಎಲೆ ಗುಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿ, "ಕೊಂಡವನು ನನ್ನ ಸೀಟು ಎಲ್ಲಿಗೆ ಹಾಕುತ್ತಾನಂತೆ?" ಎಂದರು.

ಮುಂದಿನ ಸಲ ಬಂದಾಗ ಆ ಎರಡು ಸೀಟುಗಳಲ್ಲಿ ಒಂದನ್ನು ನಿನಗೆ ಕೊಡಿಸುವುದಾಗಿ ಅವರು ಒಪ್ಪಿದ್ದಾರೆ. ಕೆಂಪು ಅಂಗಿ ನಾನು ಕೊಟ್ಟೇನು. ನೀಲಿ ಅಂಗಿಯನ್ನು ಮಾತ್ರ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬೇಡ, ಅದು ಮಿಷಿಗನ್ನಿನವರ ಬಣ್ಣ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ರಘು